ಬೆಟ್ಟ ಹತ್ತುವ ಪುಟ್ಟ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಬಂದಿರುವುದು ನಮ್ಮಲ್ಲಿ ಮಾರಾಟಕ್ಕೆ ಬರದ ಒಂದು ಕಾರಿನ ಬಗ್ಗೆ. ಇಟಲಿಯ ಹಳೇ ಫಿಯಟ್ ಪಾಂಡಾ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡಬಲ್ಲ ಪಾಂಡಾ. ಮಾರುತಿ 800 ನೆನಪಿದೆ ಅಲ್ವಾ? ಅದಕ್ಕಿಂತ ಇದು ಎರಡು ಇಂಚು ಉದ್ದ, ಅಷ್ಟೇ. ನೋಡೋಕೆ ಸ್ಕೇಲ್ ಹಿಡಿದು ಗೆರೆ ಎಳೆದ ಪೆಟ್ಟಿಗೆ. ಆದರೆ ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ, ದೊಡ್ಡ ಜೀಪು ತಿರುಗಲಾರದ ಓಣಿಯಲ್ಲಿ, ಹಿಮದ ಮೇಲೆ ಇದು ಸಲೀಸಾಗಿ ಹತ್ತುತ್ತದೆ.

ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಒಂದೇ ಕಾರಣಕ್ಕೆ. ಇದರ ಯಾವ ಭಾಗ ಮುಟ್ಟಿ ‘ಇದು ಯಾಕೆ ಹೀಗಿದೆ’ ಅಂತ ಕೇಳಿದರೂ ಉತ್ತರ ಸಿಗುತ್ತದೆ.

ಕತೆ ಶುರುವಾಗುವುದು 1976ರಲ್ಲಿ. ಆಗ ಫಿಯಟ್‌ನಲ್ಲಿದ್ದ ಕಾರ್ಲೊ ಡಿ ಬೆನೆಡೆಟ್ಟಿ, ವಿನ್ಯಾಸಕಾರ ಜೊರ್ಜೆಟ್ಟೊ ಜುಜಾರೊ ಅವರಿಗೆ ಒಂದು ಕೆಲಸ ಒಪ್ಪಿಸಿದರು. ಜಾಗ ಜಾಸ್ತಿ ಇರಬೇಕು. ತೂಕವಾಗಲಿ ಖರ್ಚಾಗಲಿ ಪುಟ್ಟ ಫಿಯಟ್ 126ನ್ನು ಮೀರಬಾರದು. ಜುಜಾರೊ ಕೂತು ಲೆಕ್ಕ ಹಾಕಿದರು. ಬಾಗಿದ ಗಾಜು ದುಬಾರಿ. ಸರಿ, ಎಲ್ಲ ಗಾಜೂ ಚಪ್ಪಟೆ ಇರಲಿ. ಚಪ್ಪಟೆ ಇದ್ದರೆ ಎಡಬಾಗಿಲಿನ ಗಾಜೇ ಬಲಬಾಗಿಲಿಗೂ ಆಗುತ್ತದೆ. ಡ್ಯಾಶ್‌ಬೋರ್ಡ್ ಜಾಗದಲ್ಲಿ ಉದ್ದಕ್ಕೂ ಒಂದು ಬಟ್ಟೆಯ ಜೇಬು. ಸೀಟಿನ ಕವರು ಬಿಚ್ಚಿ ಒಗೆಯಬಹುದು. ಹಿಂದಿನ ಸೀಟಂತೂ ಕೊಳವೆಗೆ ಬಟ್ಟೆ ಬಿಗಿದ ಜೋಲಿಯ ಹಾಗೆ. ಮಡಚಿದರೆ ಮಲಗುವ ಹಾಸಿಗೆ. ಮಧ್ಯೆ ತಗ್ಗು ಮಾಡಿದರೆ ಉರುಳುವ ಸಾಮಾನು ಅಲ್ಲಾಡದೆ ನಿಲ್ಲುತ್ತದೆ. ಬೇಡವೆಂದರೆ ಕಿತ್ತು ಮನೆಯಲ್ಲೇ ಇಡಿ. ಜುಜಾರೊ ಇದನ್ನು ಜೀನ್ಸ್ ಪ್ಯಾಂಟಿಗೆ ಹೋಲಿಸುತ್ತಿದ್ದರು. ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಕೆಲಸಕ್ಕೆ ಒದಗುವ ಬಟ್ಟೆ.

1980ರಲ್ಲಿ ಪಾಂಡಾ ಹೊರಬಂತು. 1983ರಲ್ಲಿ ಫೋರ್ ಬೈ ಫೋರ್ ಬಂತು. ಇಂಜಿನ್ 965 ಸಿಸಿ, 48 ಅಶ್ವಶಕ್ತಿ. ಈಗಿನವರಿಗೆ ನಗು ಬರಬಹುದು. ಆದರೆ ಕಾರಿನ ತೂಕ ಸುಮಾರು 740 ಕಿಲೋ ಅನ್ನೋದು ನೆನಪಿರಲಿ.

ಈಗ ಸ್ವಲ್ಪ ಕೆಳಗೆ ಬಗ್ಗಿ ನೋಡೋಣ. ನನಗೆ ತುಂಬಾ ಇಷ್ಟದ ಭಾಗ ಇದು. ಅಡ್ಡಲಾಗಿ ಕೂರಿಸಿದ ಇಂಜಿನ್ ಇರುವ ಸಣ್ಣ ಕಾರಿನಲ್ಲಿ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವುದು ಸುಲಭವಲ್ಲ. ಆ ಕೆಲಸವನ್ನು ಆಸ್ಟ್ರಿಯಾದ ಸ್ಟೈರ್-ಪುಕ್ ಕಂಪನಿ ಮಾಡಿಕೊಟ್ಟಿತು. ಅವರಿಗೆ ಬೆಟ್ಟದ ಗಾಡಿಗಳ ಅನುಭವ ಚೆನ್ನಾಗಿತ್ತು. ಮಾಮೂಲಿ ದಿನ ಮುಂದಿನ ಎರಡು ಚಕ್ರಗಳೇ ಎಳೆಯುತ್ತವೆ. ಕೆಸರೋ ಹಿಮವೋ ಎದುರಾದರೆ ಗೇರ್ ಲಿವರ್ ಹಿಂದಿರುವ ಇನ್ನೊಂದು ಚಿಕ್ಕ ಲಿವರ್ ಎಳೆಯಬೇಕು. ಹಿಂದಿನ ಚಕ್ರಗಳೂ ಕೆಲಸಕ್ಕೆ ಇಳಿಯುತ್ತವೆ. ಕಂಪ್ಯೂಟರು ಇಲ್ಲ, ಸೆನ್ಸರ್ ಇಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಮಧ್ಯೆ ಇಲ್ಲ. ಹಾಗಾಗಿ ಒಣ ಟಾರು ರಸ್ತೆಯಲ್ಲಿ ಆ ಚಿಕ್ಕ ಲಿವರ್ ಎಳೆಯಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ರಸ್ತೆ ಜಾರದಿದ್ದರೆ ಎರಡರ ನಡುವೆ ಜಗ್ಗಾಟ ಶುರುವಾಗಿ ಗೇರುಗಳಿಗೆ ಪೆಟ್ಟು.

ಜೀಪಿನಲ್ಲಿರುವಂಥ ಬೇರೆ ಲೋ ಗೇರ್ ಪೆಟ್ಟಿಗೆಗೆ ಇಲ್ಲಿ ಜಾಗವಿಲ್ಲ. ಅದಕ್ಕೆ ಐದು ಗೇರಿನಲ್ಲಿ ಮೊದಲನೆಯದನ್ನೇ ತುಂಬಾ ನಿಧಾನದ್ದಾಗಿ ಮಾಡಿದರು. ಮಟ್ಟಸ ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು. ಮೊದಲನೆಯದು ಏರಿನಲ್ಲಿ ತೆವಳುವುದಕ್ಕೆ. ಹಿಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಅಂದರೆ ಲಾರಿಯಲ್ಲಿ ಇರುವಂಥದ್ದೇ.

1986ರಲ್ಲಿ ‘ಫೈರ್’ ಅನ್ನೋ ಹೆಸರಿನ ಹೊಸ ಇಂಜಿನ್ ಬಂತು, 999 ಸಿಸಿ. ನಿಮ್ಮಲ್ಲಿ ಫಿಯಟ್‌ನ ಪೆಟ್ರೋಲ್ ಕಾರು ಪಾಲಿಯೋ 1.2 ಓಡಿಸಿದವರು ಇದ್ದರೆ, ನೀವು ಓಡಿಸಿದ್ದು ಅದೇ ಮನೆತನದ ಇಂಜಿನ್.

ಇದನ್ನು ಓಡಿಸಿದ ಜನ ನೋಡಿ. ಬೆಟ್ಟದ ರೈತರು. ಇಟಲಿಯ ಅರಣ್ಯ ಪಡೆ. ಇನ್ನೊಂದು ಕಡೆ ಫಿಯಟ್‌ನ ಒಡೆಯ ಜಾನ್ನಿ ಅನ್ಯೆಲ್ಲಿ. ಬೇಕೆನಿಸಿದ ಯಾವ ಕಾರನ್ನಾದರೂ ತರಿಸಿಕೊಳ್ಳಬಲ್ಲ ಮನುಷ್ಯ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಹಿಮದಲ್ಲಿ ಇದನ್ನೇ ಓಡಿಸುತ್ತಿದ್ದರು.

ತುಕ್ಕಿನ ಮಾತನ್ನೂ ಹೇಳಲೇಬೇಕು. ತಗಡು ತೆಳು, ಚಳಿಗಾಲದ ರಸ್ತೆಗೆ ಹಾಕುವ ಉಪ್ಪು ಕೆಳಗಿನಿಂದ ತಿನ್ನುತ್ತದೆ. ಕೊಳ್ಳುವವರು ಬಣ್ಣ ನೋಡುವ ಮುಂಚೆ ಕಾರನ್ನು ಎತ್ತಿಸಿ, ಸ್ಪ್ರಿಂಗ್ ಕೂರುವ ಜಾಗವನ್ನೂ ಬಾಗಿಲ ಕೆಳಗಿನ ಅಂಚನ್ನೂ ನೋಡಬೇಕು. ಮಿಕ್ಕದ್ದನ್ನೆಲ್ಲ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬಹುದು.

ಈ ಹಳೇ ಪಾಂಡಾ 2003ರವರೆಗೂ ತಯಾರಾಯಿತು. ಇಟಲಿಯವರು ಇದನ್ನು ಮುದ್ದಿನಿಂದ ‘ಪಾಂಡಿನೊ’ ಅನ್ನುತ್ತಾರೆ, ಅಂದರೆ ಪುಟ್ಟ ಪಾಂಡಾ. ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದಲ್ಲಿ ನಿಜಕ್ಕೂ ಪಾಂಡಿನೊ ಅನ್ನೋ ಊರೇ ಇದೆ. ಮಾಲೀಕರು ತಮ್ಮ ಕಾರುಗಳ ಜೊತೆ ಅಲ್ಲಿಗೆ ಬಂದು ಸೇರುತ್ತಾರೆ. ನೀವು ಯಾವಾಗಲಾದರೂ ಆ ಕಡೆ ಹೋದರೆ, ಬೆಟ್ಟದ ಹಳ್ಳಿಯಲ್ಲಿ ನಿಂತಿರುವ ಚೌಕದ ಕಾರಿನ ಕಿಟಕಿಯಿಂದ ಒಳಗೆ ಇಣುಕಿ. ಗೇರ್ ಲಿವರ್ ಹಿಂದೆ ಇನ್ನೊಂದು ಪುಟ್ಟ ಲಿವರ್ ಕಂಡರೆ, ಅದೇ ಇದು.