ಚಿಕ್ ಚಾಕೊಲೇಟ್: ಸಿನಿಮಾ ಹಾಡಿನ ಹಿಮ್ಮೇಳದ ಟ್ರಂಪೆಟ್

ಎಲ್ಲರಿಗೂ ನಮಸ್ಕಾರ.

ಕುಂಬಳೆ ಸೀಮೆಯವರಿಗೆ ಹಿಮ್ಮೇಳದ ಬೆಲೆ ಏನು ಅಂತ ನಾನು ಹೇಳಬೇಕಾಗಿಲ್ಲ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಆಟ ಇದೆ ಅಂದರೆ ಭಾಗವತರು ಯಾರು ಅಂತ ಕೇಳುತ್ತೇವೆ. ಚೆಂಡೆಗೆ ಯಾರು, ಮದ್ದಳೆಗೆ ಯಾರು ಅಂತಲೂ ಕೇಳುತ್ತೇವೆ. ಕರಪತ್ರದಲ್ಲಿ ಅವರ ಹೆಸರು ಅಚ್ಚಾಗಿರುತ್ತದೆ. ಹಳೆಯ ಹಿಂದಿ ಸಿನಿಮಾ ಹಾಡುಗಳ ಹಿಮ್ಮೇಳದವರಿಗೆ ಈ ಮರ್ಯಾದೆ ಸಿಗಲಿಲ್ಲ. ಅವರಲ್ಲಿ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ.

ಅವರ ಹೆಸರು ಆಂಟೋನಿಯೊ ಝೇವಿಯರ್ ವಾಜ್. 1916ರಲ್ಲಿ ಗೋವಾದ ಆಲ್ಡೋನಾದಲ್ಲಿ ಹುಟ್ಟಿದರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಇಗರ್ಜಿಯ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಓದಲು ಕಲಿಸುತ್ತಿದ್ದರು. ಪೂಜೆಯಲ್ಲಿ ಹಾಡಲು ಅದು ಬೇಕಿತ್ತು. ಬೇಳ, ಮಂಜೇಶ್ವರ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರಿಗೆ ಇಗರ್ಜಿಯ ಸಂಗೀತ ಎಷ್ಟು ಹತ್ತಿರ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಗೋವಾದಲ್ಲಿ ಅದೇ ಒಂದು ಉದ್ಯೋಗದ ದಾರಿಯೂ ಆಯಿತು. ಕಾಗದ ನೋಡಿದ ಕೂಡಲೇ ನುಡಿಸಬಲ್ಲ ನೂರಾರು ಯುವಕರು ಅಲ್ಲಿಂದ ಬೊಂಬಾಯಿಗೆ ಹೋದರು.

ವಾಜ್ ಟ್ರಂಪೆಟ್ ಹಿಡಿದರು. ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ವಾಜ್ ಅವರ ಆದರ್ಶ. ಜನ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಲೇ ಕರೆದರು. ವೇದಿಕೆಯ ಮೇಲೆ ಅವರು ಚಿಕ್ ಚಾಕೊಲೇಟ್. ಗ್ರೀನ್ಸ್, ತಾಜ್ ಹೋಟೆಲುಗಳಲ್ಲಿ ಅವರ ಬ್ಯಾಂಡು ಜಾಜ್ ನುಡಿಸುತ್ತಿತ್ತು. ಆ ಕಾಲದಲ್ಲಿ ರಾತ್ರಿ ಹೋಟೆಲಿನಲ್ಲಿ ನುಡಿಸಿ, ಹಗಲು ಸಿನಿಮಾ ಸ್ಟುಡಿಯೋಗೆ ಹೋಗುವ ಕಲಾವಿದರು ತುಂಬಾ ಜನ ಇದ್ದರು. ಚಿಕ್ ಕೂಡ ಹಾಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಬಳಿ ಅರೇಂಜರ್ ಆಗಿ ಬಂದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅರೇಂಜರ್ ಅಂದರೆ ಏನು ಮಾಡುವವರು? ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ರಾಗ ಹಾಡಿ ತೋರಿಸುತ್ತಾರೆ. ಅದರ ಮುಂದೆ ಏನು ಬರಬೇಕು, ಪಲ್ಲವಿ ಮತ್ತು ಚರಣದ ನಡುವೆ ಯಾವ ವಾದ್ಯ ಏಳಬೇಕು, ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಯಾರು ತುಂಬಬೇಕು, ಇದೆಲ್ಲ ಕಾಗದದ ಮೇಲೆ ಬರಬೇಕು. ಒಬ್ಬೊಬ್ಬ ವಾದ್ಯಗಾರನಿಗೂ ಅವನ ಪಾಲು ಬೇರೆ ಬರೆಯಬೇಕು. ಸಾಮಾನ್ಯವಾಗಿ ಬಳಸುವ ಬಿ ಫ್ಲಾಟ್ ಟ್ರಂಪೆಟ್ಟಿಗಂತೂ ಸುಮ್ನೆ ರಾಗ ನಕಲು ಮಾಡಿಕೊಟ್ಟರೆ ಆಗುವುದಿಲ್ಲ. ಕಾಗದದಲ್ಲಿ ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಅದು ಕೇಳಿಸುತ್ತದೆ. ಹಾಗಾಗಿ ಸ ಬೇಕಿದ್ದರೆ ರಿ ಬರೆಯಬೇಕು. ಇದನ್ನು ಯೋಚಿಸದೆ ಬರೆಯುವಷ್ಟು ಅಭ್ಯಾಸ ಇರಬೇಕು.

ಜೊತೆಗೆ ಆಗ ಧ್ವನಿಮುದ್ರಣದಲ್ಲಿ ಎಲ್ಲರೂ ಒಟ್ಟಿಗೆ ನುಡಿಸಬೇಕು, ಗಾಯಕರೂ ಅಲ್ಲೇ ಹಾಡಬೇಕು. ಕೆಲವೇ ಮೈಕುಗಳು. ಟ್ರಂಪೆಟ್ಟಿನ ಸದ್ದು ಜಾಸ್ತಿ, ಅದಕ್ಕೆ ಅದನ್ನು ಊದುವವರನ್ನು ಹಿಂದೆ ದೂರ ನಿಲ್ಲಿಸುತ್ತಿದ್ದರು. ಒಬ್ಬ ತಪ್ಪಿದರೆ ಇಡೀ ಟೇಕ್, ಅಂದರೆ ಆ ಸಲದ ಮುದ್ರಣ, ಮತ್ತೆ ಮೊದಲಿನಿಂದ. ಟ್ರಂಪೆಟ್ ತುಟಿಯ ಬಲದ ಮೇಲೆ ನಿಂತ ವಾದ್ಯ. ಹತ್ತನೆಯ ಟೇಕಿನಲ್ಲೂ ಮೊದಲನೆಯದರಷ್ಟೇ ಚುರುಕು ಬೇಕು ಅಂದರೆ ಎಷ್ಟು ಕಷ್ಟ ಅಂತ ಯೋಚಿಸಿ.

1950ರ ಸಮಾಧಿ ಚಿತ್ರದ ‘ಗೋರೆ ಗೋರೆ’ ಹಾಡು ನಿಮಗೆ ನೆನಪಿರಬಹುದು. ಲತಾ ಜೊತೆ ಅದನ್ನು ಹಾಡಿದವರು ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಹಾಗಾಗಿ ಈ ಹಾಡಿನ ಮೇಲೆ ನನಗೆ ಸ್ವಲ್ಪ ಹೆಚ್ಚು ಅಭಿಮಾನ. ಲ್ಯಾಟಿನ್ ಅಮೆರಿಕದ ಕುಣಿತದ ಲಯ ಹಿಂದಿ ಹಾಡಿನಲ್ಲಿ ಇಷ್ಟು ಸಲೀಸಾಗಿ ಕೂತದ್ದು ಚಿಕ್ ಅಂಥವರ ಕೈಯಿಂದ. ಮರುವರ್ಷ ಅಲ್ಬೇಲಾ ಬಂತು, ‘ಶೋಲಾ ಜೋ ಭಡ್ಕೆ’ ಬಂತು. ಆ ಚಿತ್ರದಲ್ಲಿ ಚಿಕ್ ಮತ್ತು ಅವರ ಬ್ಯಾಂಡು ತೆರೆಯ ಮೇಲೂ ಕಾಣಿಸಿಕೊಂಡಿತು. ಮುಖ ಕಾಣುವ ಭಾಗ್ಯ ಆ ಕಾಲದ ಹೆಚ್ಚಿನ ವಾದ್ಯಗಾರರಿಗೆ ಇರಲಿಲ್ಲ.

ಸ್ವತಂತ್ರವಾಗಿಯೂ ಅವರು ಸಂಗೀತ ಕೊಟ್ಟರು. 1951ರ ನಾದಾನ್ ಚಿತ್ರದ ಸಂಗೀತ ಅವರದೇ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಅವರ ನಿಜವಾದ ಗುರುತು ಇನ್ನೊಬ್ಬರ ಹೆಸರಿನಲ್ಲಿ ಬಂದ ಹಾಡುಗಳಲ್ಲಿದೆ. ಸಿ. ರಾಮಚಂದ್ರ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ರಾಗ ಅವರದು. ಆದರೆ ಅದಕ್ಕೆ ಆ ಹೊಳಪು ಕೊಟ್ಟವರನ್ನು ಬರೀ ಸಹಾಯಕ ಅಂತ ಕರೆದು ಮುಗಿಸಿದ್ದು ಅನ್ಯಾಯ. ಗ್ರಾಮಾಫೋನ್ ತಟ್ಟೆಯ ಮೇಲೆ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ಟ್ರಂಪೆಟ್ ಊದಿದವರ ಹೆಸರಿಗೆ ಜಾಗ ಇರಲಿಲ್ಲ.

ಚಿಕ್ 1967ರಲ್ಲಿ ತೀರಿಕೊಂಡರು. ಅವರ ಹಾಗೆಯೇ ಗೋವಾದಿಂದ ಬಂದ ಇನ್ನೊಬ್ಬ ಟ್ರಂಪೆಟ್ ವಾದಕ ಫ್ರಾಂಕ್ ಫರ್ನಾಂಡ್. ಅವರೂ ಸಿನಿಮಾ ಸಂಗೀತದಲ್ಲಿ ದುಡಿದು, ಆಮೇಲೆ ಕೊಂಕಣಿ ಚಿತ್ರಗಳನ್ನೇ ಮಾಡಿದರು. 1963ರ ಆಮ್ಚೆಂ ನಶೀಬ್, 1966ರ ನಿರ್ಮೋಣ್ ಅವರವು. ಅವರ ಬಗ್ಗೆ ಇನ್ನೊಂದು ದಿನ ವಿವರವಾಗಿ ಮಾತಾಡಬಹುದು.

ಈಗ ಎರಡು ಹಾಡು ಕೇಳೋಣ. ಮೊದಲು ‘ಗೋರೆ ಗೋರೆ’, ಆಮೇಲೆ ‘ಶೋಲಾ ಜೋ ಭಡ್ಕೆ’. ಮಾತು ನಿಂತ ಕೂಡಲೇ ಯಾವ ವಾದ್ಯ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಲ್ಲಿ ಗಾಯಕರಿಗೆ ದಾರಿ ಬಿಡುತ್ತದೆ, ಅದನ್ನು ಗಮನಿಸಿ. ಪ್ರಶ್ನೆಗಳಿದ್ದರೆ ಹಾಡು ಮುಗಿದ ಮೇಲೆ ಕೇಳಿ.