ಅಜ್ಜಿಯ ನಾಡಿ ಎಣಿಸಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರ ಮಾತ್ರೆ ಡಬ್ಬಿ ಸ್ವಲ್ಪ ಎದುರಿಗೆ ಇಟ್ಟುಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಹೀಗೆ ‘ಲಾಲ್’ ಎಂದು ಮುಗಿಯುವ ಹೆಸರು ಇದೆಯಾ? ಇವು ಬೀಟಾ ಬ್ಲಾಕರ್ ಮಾತ್ರೆಗಳು. ಬಿಪಿಗೆ, ಎದೆನೋವಿಗೆ, ಹಾರ್ಟ್ ಅಟ್ಯಾಕ್ ಆದವರಿಗೆ ಕೊಡುತ್ತೇವೆ. ತುಂಬಾ ಒಳ್ಳೆಯ ಔಷಧ. ಈ ಜಾತಿಯ ಮಾತ್ರೆ ತಂದುಕೊಟ್ಟ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಈ ಮಾತ್ರೆ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ವಯಸ್ಸಾದ ಕೆಲವರಲ್ಲಿ ಬಡಿತ ಮೊದಲೇ ನಿಧಾನ ಆಗಿರುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ ಮಾತು: ನಾಡಿ ಎಣಿಸಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ ಎರಡು ಬೆರಳಿಡಿ. ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಎಣಿಸಿ.

ಅಂಕೋಲಾ ಕಡೆಯ ಒಬ್ಬ ಆಯಿ ನೆನಪಾಗುತ್ತಾರೆ. ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಬರುತ್ತಿದ್ದವರು. ಆಮೇಲಾಮೇಲೆ ಅರ್ಧ ದಾರಿಯಲ್ಲೇ ಕೂತುಬಿಡುತ್ತಿದ್ದರಂತೆ. ತಲೆ ಸುತ್ತು, ಕಣ್ಣು ಕತ್ತಲೆ. ‘ವಯಸ್ಸಾಯ್ತಲ್ಲ ಡಾಕ್ಟ್ರೇ’ ಅಂದ ಮಗ. ನಾಡಿ ಹಿಡಿದೆ, 42! ಮೆಟೊಪ್ರೊಲಾಲ್ ತಗೊಳ್ಳುತ್ತಿದ್ದರು, ಆದರೆ ಸಣ್ಣ ಡೋಸು. ಬೇರೆ ಏನಾದರೂ ಔಷಧ? ಇಲ್ಲ ಅಂದರು. ಆಗ ಮೊಮ್ಮಗಳು ಕೇಳಿದಳು, ‘ಆಯಿ, ಬೆಳಿಗ್ಗೆ ರಾತ್ರಿ ಕಣ್ಣಿಗೆ ಬಿಡ್ತೀಯಲ್ಲ?’ ‘ಅದು ಕಣ್ಣಿಗಲ್ವಾ ಮಗಾ, ಎದೆಗೆ ಅಲ್ಲವಲ್ಲ!’

ಬಾಟಲಿ ತರಿಸಿ ನೋಡಿದೆ. ಟಿಮೊಲಾಲ್. ಗ್ಲಾಕೋಮಾಗೆ, ಅಂದರೆ ಕಣ್ಣಿನ ಒಳಗಿನ ಒತ್ತಡದ ಕಾಯಿಲೆಗೆ, ಹಾಕುವ ಹನಿ. ಅದೂ ಬೀಟಾ ಬ್ಲಾಕರ್ರೇ! ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಕಣ್ಣಿನ ಡಾಕ್ಟರಿಗೆ ಚೀಟಿ ಬರೆದೆ, ಅವರು ಬೇರೆ ಹನಿ ಕೊಟ್ಟರು. ಮುಂದಿನ ಸಲ ಬಂದಾಗ ನಾಡಿ 64. ಜೊತೆಗೆ ಒಂದು ಕಟ್ಟು ಬಸಳೆ ತಂದಿದ್ದರು. ಹಾಗಾಗಿ ದಯವಿಟ್ಟು, ವಯಸ್ಸಾಯ್ತು ಅನ್ನುವ ಮೊದಲು ನಾಡಿ ಎಣಿಸಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ನಾಡಿ 50ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ತಿಳಿಸಿ. ಜೊತೆಗೆ ಸುಸ್ತು, ತಲೆ ಸುತ್ತು, ಉಬ್ಬಸ ಇದ್ದರೆ ಅವತ್ತೇ ಹೋಗಿ. ಡಿಲ್ಟಿಯಾಜೆಮ್, ವೆರಪಮಿಲ್ ಎಂಬ ಬಿಪಿ, ಎದೆನೋವಿನ ಮಾತ್ರೆಗಳು ಕೂಡ ನಾಡಿ ಇಳಿಸುತ್ತವೆ. ಹಾಗಾಗಿ ಎಲ್ಲ ಮಾತ್ರೆ, ಎಲ್ಲ ಹನಿ ಒಂದೇ ಚೀಲದಲ್ಲಿ ತನ್ನಿ. ಆದರೆ ನೀವಾಗಿಯೇ ಬೀಟಾ ಬ್ಲಾಕರ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ! ಎದೆನೋವು ಮರಳಬಹುದು, ಹಾರ್ಟ್ ಅಟ್ಯಾಕೂ ಆಗಬಹುದು. ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ಮಾತ್ರೆ ಬೇಕೇ ಬೇಕು, ನಾಡಿಯೂ ಏಳುವುದಿಲ್ಲ ಅನ್ನುವ ಕೆಲವರಿಗೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಕಾಯುವ ಪುಟ್ಟ ಯಂತ್ರ, ಹಾಕಿಸಿ ಮಾತ್ರೆ ಮುಂದುವರಿಸುತ್ತೇವೆ. ಇನ್ನು, ಮನೆಯವರು ಪ್ರಜ್ಞೆ ತಪ್ಪಿ ಬಿದ್ದರೆ ನಾಳೆ ನೋಡೋಣ ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ನಮಸ್ಕಾರ.