ಬಡ್ಡಿ ಎಷ್ಟು ಅನ್ನುವ ಮೊದಲು: ನಿವೃತ್ತಿಯ ಆದಾಯಕ್ಕೆ ಡಿಬೆಂಚರ್ ಮತ್ತು ಪ್ರಿಫರೆನ್ಸ್ ಷೇರು

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ನಿವೃತ್ತರಿಗಾಗಿ ನೀಡಿದ ಉಪನ್ಯಾಸ)

ಹಿರಿಯರಿಗೆ, ಅಮ್ಮಂದಿರಿಗೆ, ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ಇಲ್ಲಿ ಕೂತವರಲ್ಲಿ ಪಿಂಚಣಿ ಬರುವವರಿದ್ದಾರೆ. ಬಾರದವರು ಇನ್ನೂ ಜಾಸ್ತಿ ಇದ್ದಾರೆ. ತೋಟದವರಿಗೆ ನಿವೃತ್ತಿ ಅಂತ ಒಂದು ದಿನವೇ ಇಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಮಕ್ಕಳ ಕೈಗೆ ತೋಟ ಕೊಡುತ್ತೇವೆ, ಇಲ್ಲವೇ ಒಂದು ಭಾಗ ಮಾರುತ್ತೇವೆ. ಆಮೇಲೆ ತಿಂಗಳ ಖರ್ಚಿಗೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಕೊಡಲು ಈಗ ಬಹಳ ಜನ ಮುಂದೆ ಬರುತ್ತಿದ್ದಾರೆ. 2024-25ರಲ್ಲಿ ಅರೇಬಿಕಾಕ್ಕೂ ರೋಬಸ್ಟಾಕ್ಕೂ ಹಿಂದೆಂದೂ ಕಾಣದ ಬೆಲೆ ಬಂತಲ್ವಾ. ಬೆಳೆಗಾರರ ಖಾತೆಯಲ್ಲಿ ದುಡ್ಡಿದೆ ಅಂತ ಎಲ್ಲರಿಗೂ ಗೊತ್ತಾಗಿದೆ. ಫೋನು ಬರುತ್ತದೆ: "ಸರ್, ಬ್ಯಾಂಕಿನಲ್ಲಿ ಏಳು ಪರ್ಸೆಂಟ್ ಯಾಕೆ, ನಮ್ಮ ಹತ್ತಿರ ಹನ್ನೊಂದು ಇದೆ, ಸೆಕ್ಯೂರ್ಡ್, ತಿಂಗಳು ತಿಂಗಳು ಬಡ್ಡಿ."

ಆ ಫೋನು ಮಾಡುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರು ಮಾರುವುದು ಹೆಚ್ಚಿನ ಸಲ ಕಾನೂನಿನ ಪ್ರಕಾರವೇ ಬಂದ ಡಿಬೆಂಚರ್. ನನ್ನ ಕೋರಿಕೆ ಒಂದೇ. ಬಡ್ಡಿ ಎಷ್ಟು ಅಂತ ಕೇಳುವ ಮೊದಲು, ಕಂಪನಿ ಕೆಟ್ಟರೆ ನನ್ನ ಸರದಿ ಎಷ್ಟನೆಯದು ಅಂತ ಕೇಳಿ. ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಡಿಬೆಂಚರ್ ಅಂದರೆ ನಾವು ಕಂಪನಿಗೆ ಕೊಟ್ಟ ಸಾಲಕ್ಕೆ ಕಂಪನಿ ಬರೆದುಕೊಟ್ಟ ಪತ್ರ. ಇಂತಿಷ್ಟು ಬಡ್ಡಿ, ಇಂಥ ದಿನ ಅಸಲು ವಾಪಸ್. ಕಂಪನಿಗೆ ಲಾಭ ಬರಲಿ, ನಷ್ಟ ಆಗಲಿ, ಬಡ್ಡಿ ಕೊಡಲೇಬೇಕು. ಷೇರಾಗಿ ಬದಲಾಗದ ಡಿಬೆಂಚರಿಗೆ ಎನ್‌ಸಿಡಿ ಅನ್ನುತ್ತಾರೆ. ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಅದೇ. ಚಿನ್ನದ ಸಾಲ, ವಾಹನ ಸಾಲ, ಮನೆ ಸಾಲ ಕೊಡುವ ಹಣಕಾಸು ಕಂಪನಿಗಳು ಇವನ್ನು ಸಾರ್ವಜನಿಕರಿಗೆ ಮಾರುತ್ತವೆ. ಒಂದರ ಮುಖಬೆಲೆ ಸಾಮಾನ್ಯವಾಗಿ 1,000 ರೂಪಾಯಿ, ಕನಿಷ್ಠ ಅರ್ಜಿ 10,000 ರೂಪಾಯಿ. ಮೊದಲು ದೊಡ್ಡ ಸಂಸ್ಥೆಗಳಿಗಷ್ಟೇ ಸಿಗುತ್ತಿದ್ದ ಬಾಂಡುಗಳೂ, ಅವೂ ಇಂಥದೇ ಸಾಲಪತ್ರಗಳು, ಈಗ ನಮ್ಮ ಕೈಗೆಟುಕುತ್ತಿವೆ. ಅವುಗಳ ಮುಖಬೆಲೆ 10 ಲಕ್ಷ ಇತ್ತು. ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಅದನ್ನು 1 ಲಕ್ಷಕ್ಕೆ ಇಳಿಸಿತು, 2024ರಲ್ಲಿ 10,000 ರೂಪಾಯಿಗೂ ಅವಕಾಶ ಕೊಟ್ಟಿತು. ಮೊಬೈಲ್ ಆ್ಯಪಿನಲ್ಲಿ ಬಾಂಡ್ ಮಾರುವವರು ಇಷ್ಟೊಂದು ಆಗಿರುವುದಕ್ಕೆ ಇದೂ ಒಂದು ಕಾರಣ. ಅಂಥ ಆ್ಯಪ್‌ಗಳು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು ಅಂತ 2022ರಿಂದ ನಿಯಮ ಇದೆ. ದುಡ್ಡು ಹಾಕುವ ಮೊದಲು ಅಷ್ಟನ್ನಾದರೂ ನೋಡಿ.

ಪ್ರಿಫರೆನ್ಸ್ ಷೇರು ಬೇರೆ. ಅದು ಸಾಲ ಅಲ್ಲ, ಷೇರೇ. ಸಾಮಾನ್ಯ ಷೇರುದಾರರಿಗಿಂತ ಮೊದಲು ಡಿವಿಡೆಂಡ್, ಅಂದರೆ ಲಾಭದ ಪಾಲು, ಸಿಗುತ್ತದೆ, ದರ ನಿಗದಿಯಾಗಿರುತ್ತದೆ, ಅಷ್ಟೇ. ಲಾಭ ಇದ್ದರೆ ಮಾತ್ರ ಡಿವಿಡೆಂಡ್. ಅಸಲು ವಾಪಸ್ ಕೊಡುವುದೂ ಲಾಭದಿಂದ, ಇಲ್ಲವೇ ಹೊಸ ಷೇರು ಮಾರಿ ಬಂದ ದುಡ್ಡಿನಿಂದ ಮಾತ್ರ ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. 20 ವರ್ಷದೊಳಗೆ ವಾಪಸ್ ಕೊಡಬೇಕು. ಮೂಲಸೌಕರ್ಯ ಯೋಜನೆಗಳಿಗೆ ಮಾತ್ರ 30 ವರ್ಷದವರೆಗೆ ಅವಕಾಶ. ಎರಡು ವರ್ಷ ಡಿವಿಡೆಂಡ್ ಕೊಡದಿದ್ದರೆ ಈ ಷೇರುದಾರರಿಗೆ ಕಂಪನಿಯ ಎಲ್ಲ ನಿರ್ಣಯಗಳಲ್ಲೂ ಮತ ಹಾಕುವ ಹಕ್ಕು ಬರುತ್ತದೆ. ಆದರೆ ಎಪ್ಪತ್ತು ವರ್ಷದ ನಮಗೆ ಮತ ತಗೊಂಡು ಏನಾಗಬೇಕು? ಔಷಧಿ ಅಂಗಡಿಯಲ್ಲಿ ದುಡ್ಡು ಬೇಕು.

ಅಮೆರಿಕ, ಕೆನಡಾದಲ್ಲಿ ನಿವೃತ್ತರು ಪ್ರಿಫರೆನ್ಸ್ ಷೇರುಗಳನ್ನು ತುಂಬಾ ಕೊಳ್ಳುತ್ತಾರೆ. ಅಲ್ಲಿ ಬ್ಯಾಂಕುಗಳ, ವಿದ್ಯುತ್ ಕಂಪನಿಗಳ ಇಂಥ ಷೇರುಗಳಿಗೆ ದೊಡ್ಡ ಮಾರುಕಟ್ಟೆ ಇದೆ. ಹೊರದೇಶದಲ್ಲಿರುವ ಮಕ್ಕಳು "ಅಪ್ಪ, ಇದನ್ನ ತಗೊಳ್ಳಿ" ಅಂತ ಹೇಳುವುದುಂಟು. ನಮ್ಮಲ್ಲಿ ಪರಿಸ್ಥಿತಿ ಹಾಗಿಲ್ಲ. ಷೇರುಪೇಟೆಯಲ್ಲಿ ಸಾಮಾನ್ಯರು ಕೊಂಡು ಮಾರಬಹುದಾದ ಪ್ರಿಫರೆನ್ಸ್ ಷೇರುಗಳು ಬಹಳ ಕಡಿಮೆ. 2014ರಲ್ಲಿ ಝೀ ಎಂಟರ್‌ಟೇನ್‌ಮೆಂಟ್ ತನ್ನ ಷೇರುದಾರರಿಗೆ ಶೇ 6ರ ಪ್ರಿಫರೆನ್ಸ್ ಷೇರುಗಳನ್ನು ಬೋನಸ್ ಆಗಿ ಹಂಚಿ, ಕಂತಿನಲ್ಲಿ ಅಸಲು ತೀರಿಸಿತು. ಜನರಿಗೆ ನೆನಪಿರುವ ದೊಡ್ಡ ಉದಾಹರಣೆ ಅದೊಂದೇ ಇರಬೇಕು. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಿವೃತ್ತಿಯ ಆದಾಯಕ್ಕೆ ನಮ್ಮ ದೇಶದಲ್ಲಿ ಪ್ರಿಫರೆನ್ಸ್ ಷೇರು ಬೇಡ. ಪರಿಚಯದವರ ಕಂಪನಿ, ನಮ್ಮ ಕಡೆಯವರೇ ಅಂತ ಯಾರಾದರೂ ಖಾಸಗಿಯಾಗಿ ಕೊಡಲು ಬಂದರೆ ಖಂಡಿತ ಬೇಡ.

ಈಗ ಸರದಿಯ ವಿಷಯ. ನಮ್ಮ ಕಡೆ ಮದುವೆ ಊಟಕ್ಕೆ ಪಂಕ್ತಿ ಕೂರುತ್ತಾರಲ್ವಾ. ಮೊದಲ ಪಂಕ್ತಿಗೆ ಹೋಳಿಗೆ ಎರಡೆರಡು ಸಲ ಬರುತ್ತದೆ. ಕೊನೆಯ ಪಂಕ್ತಿಗೆ ಅನ್ನ ಸಾರು ಉಳಿದಿದ್ದರೆ ಪುಣ್ಯ. ದಿವಾಳಿಯಾದ ಕಂಪನಿಯ ಆಸ್ತಿ ಮಾರಿ ಬಂದ ದುಡ್ಡನ್ನೂ 2016ರ ದಿವಾಳಿ ಸಂಹಿತೆ ಹೀಗೇ ಪಂಕ್ತಿ ಮಾಡಿ ಬಡಿಸುತ್ತದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಆಸ್ತಿಯ ಆಧಾರ ಇಟ್ಟುಕೊಂಡು ಸಾಲ ಕೊಟ್ಟವರು, ಇಬ್ಬರೂ ಒಂದೇ ಸಾಲಿನಲ್ಲಿ. ಆಮೇಲೆ ಉಳಿದ ನೌಕರರ ಬಾಕಿ. ಆಮೇಲೆ ಆಧಾರ ಇಲ್ಲದೆ ಸಾಲ ಕೊಟ್ಟವರು. ಆಮೇಲೆ ಸರ್ಕಾರದ ಬಾಕಿ. ಇವರೆಲ್ಲ ಎದ್ದ ಮೇಲೆ ಪ್ರಿಫರೆನ್ಸ್ ಷೇರುದಾರರು, ಕಟ್ಟಕಡೆಗೆ ಸಾಮಾನ್ಯ ಷೇರುದಾರರು. ಸೆಕ್ಯೂರ್ಡ್, ಅಂದರೆ ಆಸ್ತಿಯ ಆಧಾರ ಇರುವ ಡಿಬೆಂಚರ್ ಇದ್ದವರು ಎರಡನೆಯ ಸಾಲಿನಲ್ಲಿ, ಅನ್‌ಸೆಕ್ಯೂರ್ಡ್ ಇದ್ದವರು ತುಂಬಾ ಹಿಂದೆ. ಅರ್ಜಿಯಲ್ಲಿ "ಸಬಾರ್ಡಿನೇಟೆಡ್" ಅಂತ ಇದ್ದರೆ ಇನ್ನೂ ಹಿಂದೆ. ಶೇ ಒಂದೂವರೆ ಬಡ್ಡಿ ಜಾಸ್ತಿ ಕೊಡುತ್ತಿದ್ದಾರೆ ಅಂದರೆ, ಹೆಚ್ಚಿನ ಸಲ ಹಿಂದಿನ ಸಾಲಿನಲ್ಲಿ ಕೂರುವುದಕ್ಕೆ ಕೊಡುತ್ತಿರುವ ದುಡ್ಡು ಅದು.

ಸೆಕ್ಯೂರ್ಡ್ ಇದ್ದರೆ ಸಾಕಾ? ಸಾಲದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಣಕಾಸು ಕಂಪನಿಯ ಬಳಿ ಜಮೀನು, ಕಾರ್ಖಾನೆ ಅಂತ ಹೆಚ್ಚೇನೂ ಇರುವುದಿಲ್ಲ. ಅದರ ಆಸ್ತಿ ಅಂದರೆ ಅದು ಬೇರೆಯವರಿಗೆ ಕೊಟ್ಟ ಸಾಲ. ನಮ್ಮ ಡಿಬೆಂಚರಿಗೆ ಆಧಾರವೂ ಅದೇ. ಆ ಸಾಲಗಳು ವಸೂಲಾಗದಿದ್ದರೆ ಆಧಾರವೇ ಕರಗುತ್ತದೆ. ಅದೂ ಅಲ್ಲದೆ ಅದೇ ಆಧಾರವನ್ನು ಬ್ಯಾಂಕುಗಳಿಗೂ, ಬೇರೆ ಡಿಬೆಂಚರುದಾರರಿಗೂ ಸಮಪಾಲಾಗಿ ಬರೆದುಕೊಟ್ಟಿರುತ್ತಾರೆ. ಡಿಬೆಂಚರ್ ಮಾರುವಾಗ ಕೊಡುವ ವಿವರಪತ್ರದಲ್ಲಿ, ಅಂದರೆ ಪ್ರಾಸ್ಪೆಕ್ಟಸ್‌ನಲ್ಲಿ, "ಪಾರಿ ಪಾಸು" ಅಂತ ಇರುತ್ತದೆ, ಅದರ ಅರ್ಥ ಇಷ್ಟೇ.

ಡಿಎಚ್‌ಎಫ್‌ಎಲ್ ಕಥೆ ನೋಡಿ. ಮನೆ ಸಾಲ ಕೊಡುವ ದೊಡ್ಡ ಕಂಪನಿ. 2018ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಸೆಕ್ಯೂರ್ಡ್ ಡಿಬೆಂಚರ್ ಮಾರಿತು. ಬಡ್ಡಿ ಶೇ 9ರ ಆಸುಪಾಸು. ಸಾಲ ತೀರಿಸುವ ಶಕ್ತಿಗೆ ಕೊಡುವ ರೇಟಿಂಗ್ ಎಎಎ, ಅಂದರೆ ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಬ್ಯಾಂಕಿಗಿಂತ ಒಂದೂವರೆ ಎರಡು ಪರ್ಸೆಂಟ್ ಜಾಸ್ತಿ ಸಿಗುತ್ತದೆ ಅಂತ ಎಷ್ಟೋ ನಿವೃತ್ತರು ಹಾಕಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಜೂನ್‌ನಲ್ಲಿ, ಕಂಪನಿ ಬಡ್ಡಿ ಕಟ್ಟಲಾಗದೆ ತಪ್ಪಿತು. ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಆಡಳಿತ ಮಂಡಳಿಯನ್ನು ತೆಗೆದುಹಾಕಿತು. ಸಾಲ ಕೊಟ್ಟವರೆಲ್ಲರ ಬಾಕಿ ಸೇರಿಸಿದರೆ ಸುಮಾರು 87,000 ಕೋಟಿ. 2021ರಲ್ಲಿ ಪಿರಾಮಲ್ ಸಂಸ್ಥೆ 34,250 ಕೋಟಿಗೆ ಅದನ್ನು ಕೊಂಡಿತು. ಅದರಲ್ಲೂ ನಗದು 14,700 ಕೋಟಿ ಮಾತ್ರ. ಉಳಿದದ್ದಕ್ಕೆ ಹತ್ತು ವರ್ಷದ, ಶೇ 6.75ರ ಬೇರೆ ಡಿಬೆಂಚರ್ ಕೊಟ್ಟರು. ಸೆಕ್ಯೂರ್ಡ್ ಅನ್ನುವ ಪದ ಅಸಲನ್ನು ಪೂರ್ತಿ ಕಾಯಲಿಲ್ಲ. ಅದಕ್ಕಿಂತ ನನಗೆ ಸಂಕಟವಾಗುವುದು ಮಧ್ಯದ ಎರಡು ವರ್ಷಗಳನ್ನು ನೆನೆದರೆ. ತಿಂಗಳ ಬಡ್ಡಿಯನ್ನೇ ನಂಬಿದ ಮನೆಗಳು ಅಷ್ಟು ದಿನ ಏನು ತಿಂದಿರಬೇಕು?

ಅದಕ್ಕೂ ಮೊದಲು ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುವ ಐಎಲ್ ಆ್ಯಂಡ್ ಎಫ್‌ಎಸ್. 2018ರ ಶುರುವಿನಲ್ಲಿ ಅದಕ್ಕೂ ಎಎಎ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ "ಡಿ", ಅಂದರೆ ಸಾಲ ತೀರಿಸಲು ತಪ್ಪಿದ ಕಂಪನಿ. ಆ ಸಮೂಹದ ಪ್ರಿಫರೆನ್ಸ್ ಷೇರುಗಳನ್ನೂ ಜನ ಕೊಂಡಿದ್ದರು. ಅವರ ಪಂಕ್ತಿ ಯಾವುದು ಅಂತ ಈಗ ನಿಮಗೇ ಗೊತ್ತು.

ನಮ್ಮ ಜಿಲ್ಲೆಯಿಂದಲೇ ಹೊರಟು ದೇಶಕ್ಕೆ ಹೆಸರಾದ ಕಾಫಿ ಡೇ ಸಂಸ್ಥೆಯೂ 2019ರ ನಂತರ ಸಾಲ ಮತ್ತು ಡಿಬೆಂಚರುಗಳ ಬಾಕಿ ಕಟ್ಟಲಾಗುತ್ತಿಲ್ಲ ಅಂತ ಷೇರುಪೇಟೆಗೆ ತಿಳಿಸುತ್ತ ಬಂತು. ಆ ನೋವು ಈ ಊರಿನದು, ಕೆದಕುವ ಉದ್ದೇಶ ನನಗಿಲ್ಲ. ಸಾವಿರಾರು ಜನರಿಗೆ ಕೆಲಸ ಕೊಟ್ಟ ಸಂಸ್ಥೆ ಅದು. ಆದರೆ ಒಳ್ಳೆಯ ಹೆಸರು ಬೇರೆ, ಆ ತಿಂಗಳ ಬಡ್ಡಿ ಕಟ್ಟುವ ಶಕ್ತಿ ಬೇರೆ. ಪ್ರೀತಿಯಿಂದ ಸಾಲ ಕೊಡಬೇಡಿ, ಲೆಕ್ಕ ನೋಡಿ ಕೊಡಿ.

ಇನ್ನೊಂದು ಜಾತಿಯ ಬಾಂಡ್ ಇದೆ, ಬ್ಯಾಂಕುಗಳ ಎಟಿ-1. ನೋಡಲು ಎಫ್‌ಡಿಯ ಹಾಗೆ, ಒಳಗೆ ಷೇರಿನ ಹಾಗೆ. ಅಸಲು ವಾಪಸ್ ಕೊಡುವ ದಿನವೇ ಇರುವುದಿಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಸುಮಾರು 8,400 ಕೋಟಿಯ ಇಂಥ ಬಾಂಡುಗಳನ್ನು ಸೊನ್ನೆ ಅಂತ ಬರೆದುಹಾಕಿದರು. ಎಫ್‌ಡಿಯ ಹಾಗೇ ಅಂತ ನಂಬಿ ಕೊಂಡಿದ್ದ ಹಿರಿಯ ನಾಗರಿಕರೂ ಅದರಲ್ಲಿದ್ದರು. 2023ರಲ್ಲಿ ಬಾಂಬೆ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಈಗ ಸೆಬಿ ಇದಕ್ಕೆ ಕನಿಷ್ಠ 1 ಕೋಟಿ ರೂಪಾಯಿ ಅಂತ ಮಾಡಿದೆ. ತೋಟ ಮಾರಿದ ದುಡ್ಡು ಇರುವವರಿಗೆ 1 ಕೋಟಿಯೂ ಇರುತ್ತದೆ. ಅದಕ್ಕೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಈಗ ಒಂದು ಲೆಕ್ಕ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಲ್ಲರಿಗೂ ಗೊತ್ತು. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಇದೆ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2 ಆಯಿತು, ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಸರ್ಕಾರದ ಹೊಣೆ. ಗಂಡ ಹೆಂಡತಿ ಇಬ್ಬರಿಗೂ 60 ಆಗಿದ್ದರೆ ಒಬ್ಬೊಬ್ಬರೂ 30 ಲಕ್ಷ ಇಡಬಹುದು. ಈಗ 10 ಲಕ್ಷವನ್ನು ಇಲ್ಲಿಟ್ಟರೆ ವರ್ಷಕ್ಕೆ 82,000. ಶೇ 10ರ ಡಿಬೆಂಚರಿನಲ್ಲಿಟ್ಟರೆ 1 ಲಕ್ಷ. ಜಾಸ್ತಿ ಬಂದದ್ದು 18,000, ತಿಂಗಳಿಗೆ 1,500. ಆ ಕಂಪನಿ ಕೆಟ್ಟು ಅರ್ಧ ಅಸಲು ಹೋಯಿತು ಅನ್ನಿ. 5 ಲಕ್ಷದ ಆ ನಷ್ಟವನ್ನು ವರ್ಷಕ್ಕೆ 18,000ದಂತೆ ತುಂಬಿಕೊಳ್ಳಲು 27 ವರ್ಷಕ್ಕೂ ಜಾಸ್ತಿ ಬೇಕು. ಮೂವತ್ತು ವರ್ಷದ ಹುಡುಗನಿಗೆ ಅಷ್ಟು ಸಮಯ ಇದೆ. ನಮಗಿಲ್ಲ.

ಹಾಗಾದರೆ ಡಿಬೆಂಚರೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಮೊದಲು ಹಿರಿಯ ನಾಗರಿಕರ ಯೋಜನೆ ತುಂಬಿಸಿ. ಆಮೇಲೆ ಅಂಚೆ ಕಚೇರಿಯ ತಿಂಗಳ ವರಮಾನ ಯೋಜನೆ, ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾದರೆ 15 ಲಕ್ಷ. ಆಮೇಲೆ ಬ್ಯಾಂಕ್ ಠೇವಣಿ, ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಬಡ್ಡಿಯೂ ಸೇರಿಯೇ 5 ಲಕ್ಷ, ನೆನಪಿರಲಿ. ಸರ್ಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ನೀವೇ ಕೊಳ್ಳಬಹುದು, 2021ರಿಂದ ಅದು ಇದೆ. ಇದೆಲ್ಲ ಆದ ಮೇಲೂ ದುಡ್ಡು ಉಳಿದಿದ್ದರೆ ಅದರಲ್ಲಿ ಡಿಬೆಂಚರ್. ನನ್ನ ಮಟ್ಟಿಗೆ ಒಟ್ಟು ಉಳಿತಾಯದ ಐದನೆಯ ಒಂದು ಭಾಗ ಮೀರಬಾರದು. ಅದನ್ನೂ ಮೂರು ನಾಲ್ಕು ಕಂಪನಿಗಳಿಗೆ ಹಂಚಿ. ನಾಲ್ಕೂ ಚಿನ್ನದ ಸಾಲದ ಕಂಪನಿ ಆದರೆ ಹಂಚಿದ ಹಾಗಾಗುವುದಿಲ್ಲ. ಮೂರು ವರ್ಷಕ್ಕಿಂತ ಉದ್ದದ್ದು ಬೇಡ ಅನ್ನುವುದು ನನ್ನ ನಿಲುವು.

ಬೆಳೆಗಾರರಿಗೆ ಒಂದು ವಿಶೇಷ ಮಾತು. ನಮ್ಮ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಮೂಟೆ ಮಾರಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ. ಆಗ ಡಿಬೆಂಚರ್ ಕೊಂಡು ವಾರ್ಷಿಕ ಬಡ್ಡಿ ಆರಿಸಿದರೆ, ಬಡ್ಡಿಯೂ ಮತ್ತೆ ಫೆಬ್ರವರಿ ಮಾರ್ಚ್‌ನಲ್ಲೇ ಬರುತ್ತದೆ. ಕೈ ಖಾಲಿಯಾಗುವುದು ಮಳೆಗಾಲದಲ್ಲಿ, ಗೊಬ್ಬರ, ಕಳೆ, ಆಳಿನ ಕೂಲಿ ಎಲ್ಲ ಇರುವಾಗ. ಹಾಗಾಗಿ ದರ ಸ್ವಲ್ಪ ಕಡಿಮೆ ಕಂಡರೂ ತಿಂಗಳ ಬಡ್ಡಿಯೇ ನಮಗೆ ಸರಿ.

ತೆರಿಗೆಯಲ್ಲೂ ಹುಷಾರು. ಹಸಿ ಹಣ್ಣನ್ನೋ, ಒಣಗಿಸಿದ ಚೆರಿ, ಪಾರ್ಚ್‌ಮೆಂಟನ್ನೋ ಮಾರಿದ ಆದಾಯ ಕೃಷಿ ಆದಾಯ. ಡಿಬೆಂಚರ್ ಬಡ್ಡಿ ಹಾಗಲ್ಲ, ಅದಕ್ಕೆ ತೆರಿಗೆ ಇದೆ. ಈ ಬಡ್ಡಿ, ಪಿಂಚಣಿ ಸೇರಿ ವಿನಾಯಿತಿ ಮಿತಿ ದಾಟಿದರೆ, ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಬಡ್ಡಿ ಮೇಲಿನ ಸ್ಲ್ಯಾಬಿಗೆ ಹೋಗಿಬಿಡುತ್ತದೆ. 2023ರ ಏಪ್ರಿಲ್‌ನಿಂದ ಪೇಟೆಯಲ್ಲಿ ನೋಂದಾಯಿತ ಡಿಬೆಂಚರಿನ ಬಡ್ಡಿಗೂ ಟಿಡಿಎಸ್ ಹಿಡಿಯುತ್ತಾರೆ. ಆಡಿಟರ್ ಹತ್ತಿರ ಎರಡೂ ಆದಾಯ ಹೇಳಿ.

ಮತ್ತೆ, ತುರ್ತಿಗೆ ಡಿಬೆಂಚರ್ ಆಗುವುದಿಲ್ಲ. ಎದೆನೋವು ಬಂದು ಮಂಗಳೂರಿಗೋ ಬೆಂಗಳೂರಿಗೋ ಓಡಬೇಕಾದಾಗ ಎಫ್‌ಡಿ ಮುರಿಸಬಹುದು. ಡಿಬೆಂಚರನ್ನು ಪೇಟೆಯಲ್ಲೇ ಮಾರಬೇಕು. ಕೊಳ್ಳುವವರು ಇರುವುದೇ ಕಡಿಮೆ, ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ. ಆಸ್ಪತ್ರೆ ಖರ್ಚಿನ ದುಡ್ಡು ಯಾವಾಗಲೂ ಬೇರೆ ಇರಲಿ.

ಕೊನೆಗೆ, ಮನೆಯಲ್ಲಿರುವವರಿಗೆ ಹೇಳಿರಿ. ಷೇರು, ಡಿಬೆಂಚರ್ ಇಡುವ ಡಿಮ್ಯಾಟ್ ಖಾತೆ ಇರುವುದೇ ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಿರುವುದಿಲ್ಲ. ನಾಮಿನಿ ಹೆಸರು ಹಾಕಿಸಿ, ಜಂಟಿ ಖಾತೆ ಆದರೆ ಇನ್ನೂ ಒಳ್ಳೆಯದು. ಏಳು ವರ್ಷ ಯಾರೂ ಕೇಳದೆ ಉಳಿದ ಅಸಲು, ಬಡ್ಡಿ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಬಹುದು, ಆದರೆ ಕಾಗದಪತ್ರದ ಓಡಾಟ ಬಹಳ. ಯಾರ ಬಳಿಯಾದರೂ ಡಿಬೆಂಚರ್ ಪತ್ರವೋ, ಏಜೆಂಟರು ಕೊಟ್ಟ ಕಾಗದವೋ ಇದ್ದರೆ ತನ್ನಿ. ಸೆಕ್ಯೂರ್ಡಾ, ರೇಟಿಂಗ್ ಯಾವ ದಿನದ್ದು, ಡಿಬೆಂಚರುದಾರರ ಪರವಾಗಿ ನೋಡಿಕೊಳ್ಳುವ ಟ್ರಸ್ಟಿ ಯಾರು ಅಂತ ಇಲ್ಲೇ ಕೂತು ಒಟ್ಟಿಗೆ ನೋಡೋಣ.